ಗ್ರಾಫೀನೆಂಬ ಇಂಗಾಲದ ಹಾಳೆಯೂ ಮಂದಗತಿಯ ಎಲೆಕ್ಟ್ರಾನಿನ ಸಾಕ್ಷ್ಯವೂ

(ಗುರುಪುರದಲ್ಲಿ ಕೂಡಿದ ವಿದ್ವತ್ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದ ಸಂದರ್ಭದಲ್ಲಿ ಶಾಸ್ತ್ರವಿಷಯವೊಂದನ್ನು ಕುರಿತು ಕೆಲವು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ನಾನು ಆರಿಸಿಕೊಂಡಿರುವ ವಿಷಯವು ಹೊಸ ಕಾಲದ ಭೌತಶಾಸ್ತ್ರಕ್ಕೆ ಸೇರಿದುದು. ತರ್ಕ ವ್ಯಾಕರಣಗಳ ಪಾಠ ಹೇಳಿಕೊಂಡಿರುವವನಿಗೆ ಇದರಲ್ಲಿ ಅಧಿಕಾರವೇನೆಂದು ತಮ್ಮಲ್ಲಿ ಕೆಲವರು ಕೇಳಬಹುದು. ಅಧಿಕಾರವು ಇಷ್ಟೇ: ಕಣ್ಣಿಗೆ ಕಾಣದ ವಸ್ತುವೊಂದು ಇದೆಯೆಂದೂ ಅದು ಇಂಥದೇ ಎಂದೂ ಯಾರಾದರೂ ಹೇಳಿದರೆ, ಅದಕ್ಕೆ ಪ್ರಮಾಣವೇನೆಂದು ವಿಚಾರಿಸುವುದು ತಾರ್ಕಿಕನ ಕೆಲಸ. ಭೌತಶಾಸ್ತ್ರಜ್ಞರು ಈ ಪ್ರಶ್ನೆಗೆ ಕೊಡುವ ಉತ್ತರಗಳಲ್ಲಿ ಒಂದು ನಮ್ಮ ಪ್ರಮಾಣಶಾಸ್ತ್ರದ ಒಂದು ಹಳೆಯ ಚರ್ಚೆಗೆ ಬಹು ಹತ್ತಿರವಾಗಿ ಬರುತ್ತದೆ. ಅದನ್ನೇ ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ.

ಮೊದಲು ವಸ್ತುವಿನ ವಿಚಾರ. ಮಕ್ಕಳು ಬರೆಯುವ ಸೀಸದಕಡ್ಡಿಯನ್ನು ತಾವೆಲ್ಲರೂ ಬಲ್ಲಿರಿ. ಹೆಸರಿನಲ್ಲಿ ಸೀಸವಿದ್ದರೂ ಅದರಲ್ಲಿ ಸೀಸದ ಲೇಶವೂ ಇಲ್ಲ. ಜೇಡಿಮಣ್ಣಿನೊಡನೆ ಕಲಸಿ ಸುಟ್ಟ ಗ್ರಾಫೈಟೆಂಬ ಕಪ್ಪು ಪದಾರ್ಥವೇ ಅಲ್ಲಿರುವುದು. ಈ ಗ್ರಾಫೈಟು ದೂರದೇಶದ ವಸ್ತುವಲ್ಲ. ನಮ್ಮ ಹೆಗ್ಗಡದೇವನಕೋಟೆಯ ಮಗ್ಗುಲಿನ ಸರಗೂರು ಸೀಮೆಯಲ್ಲಿ ಗ್ರಾಫೈಟು ಬೆರೆತ ಪದರಗಲ್ಲುಗಳಿವೆ. ಭೂವಿಜ್ಞಾನಿಗಳು ಆ ಬಗೆಯ ಪುರಾತನ ಶಿಲೆಗಳಿಗೆಲ್ಲ ಆ ಊರಿನ ಹೆಸರನ್ನೇ ಇಟ್ಟು, ಸರಗೂರು ಶಿಲಾಸಮೂಹವೆಂದು ಕರೆದಿದ್ದಾರೆ. ಅವುಗಳ ವಯಸ್ಸು ೩೦೦ ಕೋಟಿ ವರ್ಷಗಳಿಗೂ ಹೆಚ್ಚೆಂದು ಎಣಿಕೆಯಾಗಿದೆ. ಭೂಗರ್ಭದ ಕಾವಿನಲ್ಲಿಯೂ ಒತ್ತಡದಲ್ಲಿಯೂ ಬೆಂದ ಇಂಗಾಲವು ಪದರಪದರವಾಗಿ ಅಲ್ಲಿ ಕುಳಿತಿದೆ.

ಗ್ರಾಫೈಟನ್ನು ಕಾಗದದ ಮೇಲೆಳೆದರೆ ಗೆರೆ ಮೂಡುವುದೇಕೆ? ಅದು ಹಾಳೆಗಳ ಕಂತೆಯಾಗಿರುವುದರಿಂದ. ಒಂದೊಂದು ಹಾಳೆಯಲ್ಲಿಯೂ ಇಂಗಾಲದ ಪರಮಾಣುಗಳು ಜೇನುಹುಟ್ಟಿನ ಕಣ್ಣುಗಳಂತೆ ಆರು ಮೂಲೆಯ ಮನೆಗಳಾಗಿ ಕೈಕೈ ಹಿಡಿದು ನಿಂತಿವೆ. ನೆರೆಹೊರೆಯ ಎರಡು ಪರಮಾಣುಗಳ ನಡುವಣ ಅಂತರ ೦.೧೪೨ ನ್ಯಾನೋಮೀಟರು. ನ್ಯಾನೋಮೀಟರೆಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಹಾಳೆಯೊಳಗಣ ಈ ಕಟ್ಟು ಬಹು ಬಿಗಿ. ಆದರೆ ಹಾಳೆಗೂ ಹಾಳೆಗೂ ನಡುವಿನ ಅಂತರ ೦.೩೩೫ ನ್ಯಾನೋಮೀಟರು, ಅಲ್ಲಿಯ ನಂಟು ಬಹು ಸಡಿಲ. ಆದಕಾರಣ ಕಡ್ಡಿಯನ್ನು ಒತ್ತಿ ಎಳೆದಾಗ ಹಾಳೆಗಳು ಜಾರಿ ಕಾಗದಕ್ಕೆ ಅಂಟುತ್ತವೆ. ಒಂದು ಮಿಲಿಮೀಟರು ದಪ್ಪದ ಗ್ರಾಫೈಟಿನಲ್ಲಿ ಸುಮಾರು ೩೦ ಲಕ್ಷ ಹಾಳೆಗಳಿರುತ್ತವೆಂದು ತಾವೇ ಗುಣಿಸಿ ನೋಡಬಹುದು.

ಈ ಕಂತೆಯಿಂದ ಬಿಡಿಸಿದ ಒಂದೇ ಒಂದು ಹಾಳೆಗೆ ಗ್ರಾಫೀನೆಂದು ಹೆಸರು. ಅಂಥ ಹಾಳೆಯಲ್ಲಿ ಎಲೆಕ್ಟ್ರಾನುಗಳ ನಡೆ ಹೇಗಿರಬೇಕೆಂಬುದನ್ನು ಕೆನಡಾದ ಫಿಲಿಪ್ ವಾಲೇಸ್ ಎಂಬುವರು ೧೯೪೭ರಲ್ಲಿ, ನಮ್ಮ ದೇಶವು ಸ್ವತಂತ್ರವಾದ ವರ್ಷವೇ, ಗಣಿತದಿಂದ ಕಂಡುಹಿಡಿದಿದ್ದರು. ಹಾಳೆಯನ್ನು ಬಿಡಿಸಿ ಅದರ ವಿದ್ಯುದ್ಗುಣವನ್ನು ಅಳೆದು ತೋರಿಸಿದವರು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟೀನ್ ನೊವೊಸೆಲೊವ್ ಅವರು, ೨೦೦೪ರಲ್ಲಿ. ಅವರು ಬಳಸಿದ ಸಾಧನವು ಅಂಗಡಿಯಲ್ಲಿ ದೊರೆಯುವ ಅಂಟುಪಟ್ಟಿ. ಅದನ್ನು ಗ್ರಾಫೈಟಿಗೆ ಅಂಟಿಸಿ ಕಿತ್ತು, ಕಿತ್ತುದನ್ನು ಮತ್ತೆ ಅಂಟಿಸಿ ಕಿತ್ತು, ಕಡೆಗೆ ಒಂಟಿ ಹಾಳೆಯವರೆಗೆ ಇಳಿದರು. ೨೦೧೦ರಲ್ಲಿ ಅವರಿಬ್ಬರಿಗೂ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು.

ಇನ್ನು ಎಲೆಕ್ಟ್ರಾನುಗಳ ವಿನ್ಯಾಸವೆಂದರೇನೆಂಬುದನ್ನು ವಿವರಿಸಬೇಕು. ಪದಾರ್ಥದೊಳಗಿನ ಎಲೆಕ್ಟ್ರಾನು ತನಗೆ ಬಂದ ಶಕ್ತಿಯನ್ನು ಹೊತ್ತು ಬಂದ ದಿಕ್ಕಿಗೆ ಹೋಗಲಾರದು. ಇಂಥ ದಿಕ್ಕಿನಲ್ಲಿ ಹೋಗುವುದಾದರೆ ಇಂಥ ಶಕ್ತಿ ಮಾತ್ರ ಸಲ್ಲುತ್ತದೆಂಬ ಕಟ್ಟಳೆಯಿದೆ. ಸಲ್ಲುವ ಸ್ಥಾನಗಳೆಲ್ಲವೂ ಪಂಕ್ತಿಪಂಕ್ತಿಯಾಗಿ ಏರ್ಪಟ್ಟಿರುತ್ತವೆ. ಕೆಳಗಣ ಪಂಕ್ತಿಗಳು ತುಂಬಿರುತ್ತವೆ, ಮೇಲಣವು ಬರಿದಾಗಿರುತ್ತವೆ. ಪದಾರ್ಥವು ತಾಮ್ರದಂತೆ ವಿದ್ಯುತ್ತನ್ನು ಹರಿಯಗೊಡುವುದೋ ಗಾಜಿನಂತೆ ತಡೆಯುವುದೋ ಎಂಬುದೆಲ್ಲವೂ ಈ ತುಂಬಿದ ಪಂಕ್ತಿಗೂ ಬರಿಯ ಪಂಕ್ತಿಗೂ ಇರುವ ಸಂಬಂಧವನ್ನು ಅವಲಂಬಿಸಿದೆ. ಗ್ರಾಫೀನಿನಲ್ಲಿ ಇವೆರಡೂ ಕೆಲವು ಬಿಂದುಗಳಲ್ಲಿ ಮಾತ್ರ ತುದಿಗೆ ತುದಿ ತಾಗಿ ನಿಲ್ಲುತ್ತವೆ. ಆ ಬಿಂದುಗಳ ಸಮೀಪದಲ್ಲಿ ಎಲೆಕ್ಟ್ರಾನುಗಳು ಸೆಕೆಂಡಿಗೆ ಸುಮಾರು ೧,೦೦೦ ಕಿಲೋಮೀಟರು, ಅಂದರೆ ಬೆಳಕಿನ ವೇಗದ ೩೦೦ರಲ್ಲೊಂದು ಪಾಲು ವೇಗದಿಂದ ಓಡಾಡುತ್ತವೆ. ಹಾಳೆ ಒಂದಲ್ಲದೆ ಎರಡಾದರೆ ಈ ಏರ್ಪಾಡು ಬದಲಾಗುತ್ತದೆ. ಮೂರಾದರೆ ಮತ್ತೂ ಬೇರೆ. ಹುಣಸೂರು ಪಿರಿಯಾಪಟ್ಟಣಗಳ ರೈತರು ಹೊಗೆಸೊಪ್ಪನ್ನು ಬೇಯಿಸಿದ ಮೇಲೆ ಎಲೆಯೆಲೆಯಾಗಿ ಬಿಡಿಸಿ ದರ್ಜೆ ಕಟ್ಟುವಂತೆ, ಇಲ್ಲಿಯೂ ಎಷ್ಟು ಹಾಳೆಯೆಂಬುದನ್ನು ಮೊದಲು ನಿರ್ಣಯಿಸದೆ ಗುಣವನ್ನು ಹೇಳುವಂತಿಲ್ಲ.

ಇಂತಿರಲು, ಈ ಪಂಕ್ತಿಗಳನ್ನು ತಿಳಿಯುವ ಬಗೆ ಯಾವುದು? ತುಂಬಿದ ಪಂಕ್ತಿಯನ್ನು ತಿಳಿಯುವುದು ಅಷ್ಟು ಕಷ್ಟವಲ್ಲ. ಬಲವಾದ ಬೆಳಕನ್ನು ಬೀರಿದರೆ ಅದು ಎಲೆಕ್ಟ್ರಾನುಗಳನ್ನು ಹೊರಕ್ಕೆ ಎಬ್ಬಿಸುತ್ತದೆ. ಐನ್‌ಸ್ಟೈನರು ೧೯೦೫ರಲ್ಲಿ ಈ ಕ್ರಿಯೆಯ ನಿಯಮವನ್ನು ತಿಳಿಸಿಕೊಟ್ಟರು. ಹೊರಬಂದ ಎಲೆಕ್ಟ್ರಾನಿನ ಶಕ್ತಿಯನ್ನೂ ದಿಕ್ಕನ್ನೂ ಅಳೆದು, ಅದು ಒಳಗೆ ಯಾವ ಸ್ಥಾನದಲ್ಲಿತ್ತೆಂದು ಹೇಳಬಹುದು. ಆದರೆ ಬರಿಯ ಪಂಕ್ತಿಯಿಂದ ಎಬ್ಬಿಸುವುದು ಯಾರನ್ನು? ಅಲ್ಲಿ ಯಾರೂ ಇಲ್ಲವಲ್ಲ.

ನಮ್ಮ ದಾಸೋಹದ ಪಂಕ್ತಿಯನ್ನೇ ನೆನೆಯಿರಿ. ಜಾತ್ರೆಯ ದಿನ ಒಳಮನೆಯಲ್ಲಿ ಪ್ರಸಾದಕ್ಕೆ ಜನರು ಕುಳಿತಿದ್ದಾರೆ, ಬಾಗಿಲಿಗೆ ತೆರೆಯಿದೆ. ಕುಳಿತವರು ಯಾರೆಂದು ತಿಳಿಯಬೇಕಾದರೆ ಹೆಸರು ಹಿಡಿದು ಕರೆದು ಎಬ್ಬಿಸಬಹುದು. ತೆರವಾದ ಎಲೆಗಳೆಲ್ಲಿವೆಯೆಂದು ತಿಳಿಯಬೇಕಾದರೆ ಹೊರಗಿನಿಂದ ಒಬ್ಬ ಅತಿಥಿಯನ್ನು ಒಳಕ್ಕೆ ಕಳುಹಿಸಬೇಕು. ಎಡೆ ಸಿಕ್ಕಿದರೆ ಅವನು ಒಳಗೇ ಉಳಿಯುತ್ತಾನೆ. ಸಿಗದಿದ್ದರೆ ಮುಂದಿನ ಪಂಕ್ತಿಗೆ ಕಾಯಲು ಜಗಲಿಗೆ ಮರಳುತ್ತಾನೆ. ಹೊರಗೆ ನಿಂತು ಮರಳಿದವರನ್ನು ಎಣಿಸಿದರೆ ಸಾಕು, ಒಳಗಣ ತೆರವಿನ ಅಂದಾಜು ನಮಗೆ ದೊರೆಯುತ್ತದೆ. ಮಂದಗತಿಯ ಎಲೆಕ್ಟ್ರಾನನ್ನು ಗ್ರಾಫೀನಿನ ಮೇಲೆ ಕಳುಹಿಸಿ ಮರಳಿದುದನ್ನು ಎಣಿಸುವ ವಿದ್ಯೆಯು ಇದೇ ಆಗಿದೆ. ಎಲೆಕ್ಟ್ರಾನು ತಂದ ಶಕ್ತಿಗೂ ದಿಕ್ಕಿಗೂ ಹೊಂದುವ ಬರಿಯ ಸ್ಥಾನವು ಒಳಗಿದ್ದರೆ ಅದು ಹೊಗುತ್ತದೆ, ಮರಳುವವುಗಳ ಸಂಖ್ಯೆ ತಗ್ಗುತ್ತದೆ. ಹೊಂದುವ ಸ್ಥಾನವಿಲ್ಲದಿದ್ದರೆ ಮರಳುತ್ತದೆ, ಸಂಖ್ಯೆ ಏರುತ್ತದೆ.

ಎಲೆಕ್ಟ್ರಾನು ಮಂದಗತಿಯದೇ ಏಕಾಗಬೇಕೆಂಬುದಕ್ಕೆ ಕಾರಣಗಳಿವೆ. ಎಲೆಕ್ಟ್ರಾನು ಒಂದು ವೋಲ್ಟಿನ ಸೆಳೆತದಲ್ಲಿ ಸಾಗಿ ಪಡೆಯುವ ಶಕ್ತಿಗೆ ಒಂದು ಎಲೆಕ್ಟ್ರಾನ್-ವೋಲ್ಟೆಂದು ಹೆಸರು. ಇಲ್ಲಿ ಉಪಯೋಗಿಸುವುದು ಸೊನ್ನೆಯಿಂದ ಕೆಲವು ಹತ್ತು ಎಲೆಕ್ಟ್ರಾನ್-ವೋಲ್ಟುಗಳು. ಐದು ಎಲೆಕ್ಟ್ರಾನ್-ವೋಲ್ಟೆಂದರೆ ಮೂರು ನಾಲ್ಕು ಟಾರ್ಚಿನ ಶೆಲ್ಲುಗಳಷ್ಟು ಬಲ. ಮಂದಗತಿಯೆಂದೆವಾದರೂ ಅಂಥ ಎಲೆಕ್ಟ್ರಾನು ಸೆಕೆಂಡಿಗೆ ಸುಮಾರು ೧,೩೦೦ ಕಿಲೋಮೀಟರು ಓಡುತ್ತದೆ. ಎಲೆಕ್ಟ್ರಾನುಗಳ ಲೋಕದಲ್ಲಿ ಇದು ಆಮೆನಡಿಗೆ. ಹದಿನೈದು ಸಾವಿರ ಎಲೆಕ್ಟ್ರಾನ್-ವೋಲ್ಟಿನದು ಸೆಕೆಂಡಿಗೆ ೭೦,೦೦೦ ಕಿಲೋಮೀಟರನ್ನು ಮೀರುತ್ತದೆ. ಅತಿವೇಗದ ಎಲೆಕ್ಟ್ರಾನಿಗೆ ಈ ಹಾಳೆಯು ಇದ್ದೂ ಇಲ್ಲದಂತೆ. ಅದು ತೂರಿಕೊಂಡು ಹೋಗುತ್ತದೆ. ಬಲವು ಎಂಬತ್ತು ಸಾವಿರ ಎಲೆಕ್ಟ್ರಾನ್-ವೋಲ್ಟನ್ನು ಮೀರಿದರೆ ಹಾಳೆಯ ಪರಮಾಣುಗಳೇ ಕಿತ್ತುಹೋಗುವ ಅಪಾಯವಿದೆ. ಮಂದಗತಿಯದಾದರೋ ಮೊದಲ ಒಂದೆರಡು ಪದರಗಳಲ್ಲಿಯೇ ತನ್ನ ವ್ಯವಹಾರವನ್ನು ಮುಗಿಸಿ ಸಮಾಚಾರವನ್ನು ತರುತ್ತದೆ. ಬಲಾತ್ಕಾರದ ಪ್ರಶ್ನೆಗೆ ವಸ್ತುವು ಒಡೆದುಹೋಗಿ ಉತ್ತರಿಸುತ್ತದೆ. ಮೃದುವಾದ ಪ್ರಶ್ನೆಗೆ ತಾನು ಇರುವಂತೆಯೇ ಉತ್ತರಿಸುತ್ತದೆ.

ಮತ್ತೊಂದು ಕಾರಣವು ಎಲೆಕ್ಟ್ರಾನಿನ ಸ್ವಭಾವದಲ್ಲಿಯೇ ಇದೆ. ಅದು ಕಣವೂ ಹೌದು, ಅಲೆಯೂ ಹೌದೆಂದು ಫ್ರಾನ್ಸಿನ ದ ಬ್ರಾಯಿ ಅವರು ೧೯೨೪ರಲ್ಲಿ ಪ್ರತಿಪಾದಿಸಿದರು. ಪ್ರತಿಪಾದನೆಯು ಎಷ್ಟು ಸೊಗಸಾಗಿದ್ದರೂ ದೃಷ್ಟಾಂತವಿಲ್ಲದೆ ಸಿದ್ಧಾಂತವಾಗದಷ್ಟೆ. ೧೯೨೭ರಲ್ಲಿ ಅಮೆರಿಕದ ಡೇವಿಸನ್ ಮತ್ತು ಜರ್ಮರ್ ಅವರು ೫೪ ಎಲೆಕ್ಟ್ರಾನ್-ವೋಲ್ಟಿನ ಮಂದ ಎಲೆಕ್ಟ್ರಾನುಗಳನ್ನು ನಿಕ್ಕಲಿನ ಹರಳಿನ ಮೇಲೆ ಬಿಟ್ಟಾಗ, ಅವು ೫೦ ಅಂಶಗಳ ಕೋನದಲ್ಲಿ ವಿಶೇಷವಾಗಿ ಗುಂಪುಗೂಡಿ ಚಿಮ್ಮಿದುದನ್ನು ಕಂಡರು. ಅಲೆಯಲ್ಲದೆ ಬರಿಯ ಕಣವು ಹಾಗೆ ಮಾಡಲಾರದು. ಆ ಶಕ್ತಿಯಲ್ಲಿ ಎಲೆಕ್ಟ್ರಾನಿನ ಅಲೆಯುದ್ದ ೦.೧೬೭ ನ್ಯಾನೋಮೀಟರು, ಐದು ಎಲೆಕ್ಟ್ರಾನ್-ವೋಲ್ಟಿನಲ್ಲಿ ೦.೫೫. ಇವೆರಡೂ ಗ್ರಾಫೀನಿನ ಹಾಳೆಗಳ ನಡುವಣ ಅಂತರದ ಆಸುಪಾಸಿನಲ್ಲಿಯೇ ಇವೆ. ಬಾಗಿಲಿನ ಅಳತೆಗೂ ಅತಿಥಿಯ ಅಳತೆಗೂ ಹೊಂದಿಕೆಯಿರುವುದರಿಂದಲೇ ಈ ಪರೀಕ್ಷೆಯು ಸಾರ್ಥಕವಾಗುವುದು.

ಮಂದಗತಿಯ ಎಲೆಕ್ಟ್ರಾನುಗಳಿಂದ ಚಿತ್ರವನ್ನೇ ತೆಗೆಯುವ ಸೂಕ್ಷ್ಮದರ್ಶಕವನ್ನು ಜರ್ಮನಿಯ ಎರ್ನ್ಸ್ಟ್ ಬವರ್ ಎಂಬುವರು ೧೯೬೨ರಲ್ಲಿ ಯೋಚಿಸಿದರು. ಯೋಚನೆಯು ಕಾರ್ಯರೂಪಕ್ಕೆ ಬಂದು, ಟೆಲೀಪ್ಸ್ ಎಂಬ ಸಹಾಯಕರೊಡನೆ ಅವರು ಯಂತ್ರವನ್ನು ಲೋಕಕ್ಕೆ ತೋರಿಸಿದುದು ೧೯೮೫ರಲ್ಲಿ. ನಡುವೆ ಇಪ್ಪತ್ತಮೂರು ವರ್ಷಗಳ ತಪಸ್ಸು! ಅದರಲ್ಲಿದ್ದ ತೊಡಕು ಇದು: ಮಂದಗತಿಯ ಎಲೆಕ್ಟ್ರಾನುಗಳ ಹೊನಲನ್ನು ಉದ್ದಕ್ಕೂ ನೇರವಾಗಿ ನಡೆಸುವುದು ದುಸ್ಸಾಧ್ಯ, ದಾರಿಯಲ್ಲಿಯೇ ಚೆದರುತ್ತದೆ. ಆದ್ದರಿಂದ ದಾರಿಯುದ್ದಕ್ಕೂ ಅದನ್ನು ಹದಿನೈದು ಸಾವಿರ ವೋಲ್ಟಿನ ವೇಗದಲ್ಲಿ ಓಡಿಸಿ, ವಸ್ತುವನ್ನು ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಎದುರು ವೋಲ್ಟಿನಲ್ಲಿ ಇರಿಸುತ್ತಾರೆ. ಇಳಿಜಾರಿನಲ್ಲಿ ಭರದಿಂದ ಬಂದ ಬಂಡಿಯು ಎದುರಿನ ದಿಣ್ಣೆಯನ್ನೇರುತ್ತ ವೇಗವನ್ನು ಕಳೆದುಕೊಂಡು ಮನೆಯ ಹೊಸ್ತಿಲಿನಲ್ಲಿ ಮೆಲ್ಲನೆ ನಿಲ್ಲುವಂತೆ, ಎಲೆಕ್ಟ್ರಾನು ಹಾಳೆಯ ಮುಂದೆ ಬಂದು ಮಂದವಾಗುತ್ತದೆ. ಮರಳುವಾಗ ಅದೇ ದಿಣ್ಣೆಯನ್ನಿಳಿದು ವೇಗವನ್ನು ಮತ್ತೆ ಪಡೆದು ಚಿತ್ರವನ್ನು ಮೂಡಿಸುತ್ತದೆ.

ಈ ಯಂತ್ರದಿಂದ ಗ್ರಾಫೀನಿನ ವಿಷಯದಲ್ಲಿ ತಿಳಿದುದೇನು? ಜಪಾನಿನ ಹಿಬಿನೋ ಎಂಬುವರೂ ಅವರ ಸಂಗಡಿಗರೂ ೨೦೦೮ರಲ್ಲಿ ಸಿಲಿಕಾನ್ ಕಾರ್ಬೈಡೆಂಬ ಹರಳಿನ ಮೇಲೆ ಬೆಳೆದ ಗ್ರಾಫೀನನ್ನು ಪರೀಕ್ಷಿಸಿದರು. ಎಲೆಕ್ಟ್ರಾನಿನ ಶಕ್ತಿಯನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಮರಳಿದವುಗಳನ್ನು ಎಣಿಸಿದಾಗ, ಸುಮಾರು ಎಂಟು ಎಲೆಕ್ಟ್ರಾನ್-ವೋಲ್ಟಿನ ಒಳಗೆ ಕೆಲವೆಡೆ ತಗ್ಗುಗಳು ಕಾಣಿಸಿದುವು. ಒಂದು ಹಾಳೆಯಿದ್ದಲ್ಲಿ ಒಂದು ತಗ್ಗು, ಎರಡಿದ್ದಲ್ಲಿ ಎರಡು, ಮೂರಿದ್ದಲ್ಲಿ ಮೂರು. ತಗ್ಗನ್ನು ಎಣಿಸಿದರೆ ಹಾಳೆಯನ್ನು ಎಣಿಸಿದಂತಾಯಿತು! ಕಾರಣವೇನೆಂದರೆ, ಎರಡು ಹಾಳೆಗಳ ನಡುವಣ ಅವಕಾಶವು ಎಲೆಕ್ಟ್ರಾನಿನ ಅಲೆಗೆ ಒಂದು ಕೋಣೆಯಂತಿದೆ. ಕೋಣೆ ಒಂದೇ ಇದ್ದರೆ ಅದಕ್ಕೆ ಹೊಂದುವ ಶಕ್ತಿಯೂ ಒಂದೇ. ಎರಡು ಕೋಣೆಗಳಿದ್ದರೆ, ಒಂದೇ ಹಗ್ಗಕ್ಕೆ ಕಟ್ಟಿ ತೂಗುಬಿಟ್ಟ ಎರಡು ಗುಂಡುಗಳು ಒಂದನ್ನೊಂದು ಎಳೆದು ಎರಡು ಬಗೆಯ ತೂಗಾಟಗಳನ್ನು ತೋರುವಂತೆ, ಶಕ್ತಿಯೂ ಎರಡಾಗಿ ಒಡೆಯುತ್ತದೆ. ಹಾಗಾದರೆ ಒಂಟಿ ಹಾಳೆಯಲ್ಲಿ ಕೋಣೆಯೆಲ್ಲಿಂದ ಬಂತೆಂದು ಸೂಕ್ಷ್ಮಮತಿಗಳು ಕೇಳಿಯಾರು. ಆ ಹರಳಿನ ಮೇಲೆ ಮೊದಲು ಹುಟ್ಟುವ ಇಂಗಾಲದ ಪದರವು ಹರಳಿಗೆ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ಗ್ರಾಫೀನಿನ ಗುಣವನ್ನು ತೋರದು. ಅದನ್ನು ಹಾಳೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅದಕ್ಕೂ ಅದರ ಮೇಲಣ ಹಾಳೆಗೂ ನಡುವೆ ಕೋಣೆಯೊಂದು ಇದ್ದೇ ಇದೆ. ಆಧಾರವಿಲ್ಲದೆ ತೂಗಿಬಿಟ್ಟ ಗ್ರಾಫೀನಿನಲ್ಲಾದರೆ ತಗ್ಗುಗಳು ಹಾಳೆಗಳಿಗಿಂತ ಒಂದು ಕಡಿಮೆ; ನಿರಾಧಾರವಾದ ಒಂಟಿ ಹಾಳೆಗೆ ಇಂಥ ತಗ್ಗೇ ಇಲ್ಲ. ಮರಳಿ ಬಾರದ ಕಣಗಳು ಕಾಣದ ಕೋಣೆಗಳನ್ನು ಎಣಿಸಿಕೊಟ್ಟ ಪರಿ ಇದು.

೨೦೧೫ರಲ್ಲಿ ಹಾಲೆಂಡಿನ ಲೈಡನ್ ವಿಶ್ವವಿದ್ಯಾನಿಲಯದ ಯೋಬ್ಸ್ಟ್, ವಾನ್ ಡೆರ್ ಮೋಲೆನ್, ಟ್ರೋಂಪ್ ಮೊದಲಾದವರು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದರು. ಶಕ್ತಿಯೊಡನೆ ಎಲೆಕ್ಟ್ರಾನು ಬರುವ ದಿಕ್ಕನ್ನೂ ಓರೆಯಾಗಿಸುತ್ತ, ದಿಕ್ಕುದಿಕ್ಕಿಗೂ ಮರಳಿದವುಗಳನ್ನು ಎಣಿಸಿ, ಬರಿಯ ಪಂಕ್ತಿಗಳ ಪೂರ್ಣವಾದ ನಕ್ಷೆಯನ್ನೇ ಬರೆದರು. ಕೆಲವೇ ಹಾಳೆಗಳ ಗ್ರಾಫೀನಿನಲ್ಲಿ, ನ್ಯಾನೋಮೀಟರುಗಳಲ್ಲಿ ಅಳೆಯುವಷ್ಟು ಕಿರಿದಾದ ಎಡೆಯಿಂದ ಇದು ಸಾಧ್ಯವಾಯಿತು. ಮರುವರ್ಷ ಅವರೇ ಇನ್ನೊಂದು ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಗ್ರಾಫೀನಿನ ಅತ್ಯುತ್ತಮ ಗುಣಗಳು ಪ್ರಕಟವಾಗಬೇಕಾದರೆ ಅದನ್ನು ಬೋರಾನ್ ನೈಟ್ರೈಡೆಂಬ ಅದರಂತೆಯೇ ಷಟ್ಕೋಣದ ಹಾಳೆಗಳ ನಡುವೆ, ತಾಳೆಗರಿಯನ್ನು ಎರಡು ಹಲಗೆಗಳ ನಡುವೆ ಇಟ್ಟಂತೆ, ಇಟ್ಟು ಕಾಪಾಡುವುದು ರೂಢಿ. ಹಲಗೆಯ ಎಲೆಕ್ಟ್ರಾನುಗಳ ಸ್ಥಾನಗಳು ಗರಿಯವುಗಳೊಡನೆ ಬೆರೆಯುವುದಿಲ್ಲವೆಂದು ಎಲ್ಲರೂ ಅನುಕೂಲಕ್ಕಾಗಿ ನಂಬಿಕೊಂಡಿದ್ದರೇ ಹೊರತು ನೇರವಾದ ಪ್ರಮಾಣವು ಅಲ್ಪವಾಗಿತ್ತು. ಮಂದಗತಿಯ ಎಲೆಕ್ಟ್ರಾನುಗಳಿಂದ ವಿಚಾರಿಸಿದಾಗ, ಎರಡರ ಪಂಕ್ತಿಗಳ ಆಕಾರವು ಬಹುಮಟ್ಟಿಗೆ ಒಂದೇ ಆಗಿದ್ದರೂ ವಿಶಾಲವಾದ ಶಕ್ತಿಯ ಹರವಿನಲ್ಲಿ ಅವು ಒಂದರೊಡನೊಂದು ಬೆರೆಯವೆಂದು ೨೦೧೬ರಲ್ಲಿ ಪ್ರಕಟವಾಯಿತು. ನಂಬಿಕೆಯು ಈ ಸಾರಿ ನಿಜವಾಗಿಯೇ ಬಂದಿತು. ಆದರೆ ನಂಬಿಕೆಯಾಗಿದ್ದಾಗಿನ ನಿಜಕ್ಕೂ ಪರೀಕ್ಷೆಯಾದ ಮೇಲಿನ ನಿಜಕ್ಕೂ ಬೆಲೆ ಒಂದೇ ಅಲ್ಲ.

ಈಗ ನನ್ನ ಮುಖ್ಯವಾದ ಮಾತಿಗೆ ಬರುತ್ತೇನೆ. ನೆಲದ ಮೇಲೆ ಗಡಿಗೆಯಿಲ್ಲವೆಂಬ ಜ್ಞಾನವು ನಮಗೆ ಹೇಗೆ ಉಂಟಾಗುತ್ತದೆಂಬುದು ನಮ್ಮ ಶಾಸ್ತ್ರಗಳಲ್ಲಿ ಬಹುಕಾಲ ನಡೆದ ವಾದ. ಅಭಾವವನ್ನೂ ಪ್ರತ್ಯಕ್ಷದಿಂದಲೇ ಅರಿಯುತ್ತೇವೆಂದು ನೈಯಾಯಿಕರು ಹೇಳಿದರು. ಅನುಪಲಬ್ಧಿಯೆಂಬ, ಅಂದರೆ ಕಾಣದಿರುವಿಕೆಯೆಂಬ, ಬೇರೊಂದು ಪ್ರಮಾಣವೇ ಉಂಟೆಂದು ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಹೇಳಿದರು. ಪಕ್ಷಗಳು ಬೇರೆಯಾದರೂ ಒಂದು ನಿಬಂಧನೆಯನ್ನು ಇಬ್ಬರೂ ಬಿಡಲಿಲ್ಲ: ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣವಾಗಬೇಕಾದರೆ, ಆ ವಸ್ತುವು ಇದ್ದಿದ್ದರೆ ಕಂಡೇ ಕಾಣುತ್ತಿತ್ತೆಂಬ ಯೋಗ್ಯತೆಯಿರಬೇಕು. ಕತ್ತಲಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯಿಲ್ಲವೆನ್ನಲಾಗದು.

ಈ ನಿಬಂಧನೆಯನ್ನು ನಮ್ಮ ಎಲೆಕ್ಟ್ರಾನಿಗೆ ಅನ್ವಯಿಸಿ ನೋಡೋಣ. ಅತಿಥಿಯು ಜಗಲಿಗೆ ಮರಳಲಿಲ್ಲ, ಸರಿ. ಅಷ್ಟರಿಂದ ಅವನಿಗೆ ಎಡೆ ಸಿಕ್ಕಿತೆಂದು ಹೇಗೆ ಹೇಳುವುದು? ಹಿತ್ತಿಲ ಬಾಗಿಲಿನಿಂದ ಹೊರಟುಹೋಗಿರಬಹುದು. ಒಳಗೆ ಯಾರಿಗೋ ಡಿಕ್ಕಿ ಹೊಡೆದು ಎಡವಿ ಬಿದ್ದಿರಬಹುದು. ಹೊಸ್ತಿಲಿನ ಕೆಸರಿನಲ್ಲಿ ಜಾರಿ ಬೇರೆ ದಿಕ್ಕಿಗೆ ಹೋಗಿರಬಹುದು. ಎಲೆಕ್ಟ್ರಾನಿಗೂ ಈ ಗತಿಗಳೆಲ್ಲವೂ ಉಂಟು. ಅದು ತೆಳುವಾದ ಹಾಳೆಯನ್ನು ತೂರಿ ಆಚೆಗೆ ಹೋಗಬಹುದು. ಒಳಗಣ ಎಲೆಕ್ಟ್ರಾನುಗಳಿಗೆ ತಾಗಿ ಶಕ್ತಿಯನ್ನು ಕಳೆದುಕೊಳ್ಳಬಹುದು. ಹಾಳೆಯ ಮೇಲಣ ಕೊಳೆಯಿಂದ ಚೆದರಬಹುದು. ಆದುದರಿಂದಲೇ ಪರೀಕ್ಷಕರು ಹಾಳೆಯನ್ನು ಕಾಯಿಸಿ ಶುದ್ಧಿ ಮಾಡಿ, ಗಾಳಿಯನ್ನು ಸಾಧ್ಯವಾದಮಟ್ಟಿಗೂ ತೆಗೆದುಹಾಕಿದ ಪಾತ್ರೆಯಲ್ಲಿಟ್ಟು ಕೆಲಸ ಮಾಡುವುದು.

ಲೈಡನ್ನಿನವರು ಇಷ್ಟಕ್ಕೆ ತೃಪ್ತರಾಗದೆ ಹಿತ್ತಿಲ ಬಾಗಿಲನ್ನೂ ಕಾಯಲು ನಿಶ್ಚಯಿಸಿದರು. ಮುಂದಿನಿಂದ ಮರಳಿದ ಎಲೆಕ್ಟ್ರಾನುಗಳನ್ನು ಎಣಿಸುವುದರ ಜೊತೆಗೆ, ನಿರಾಧಾರವಾಗಿ ತೂಗಿದ ಹಾಳೆಯನ್ನು ತೂರಿ ಹೋದವುಗಳನ್ನೂ ಎಣಿಸುವಂತೆ ಯಂತ್ರವನ್ನು ಅಳವಡಿಸಿದರು. ೨೦೧೯ರಲ್ಲಿ ಅವರು ಸೊನ್ನೆಯಿಂದ ೨೫ ಎಲೆಕ್ಟ್ರಾನ್-ವೋಲ್ಟಿನವರೆಗೆ ಎರಡು ಲೆಕ್ಕಗಳನ್ನೂ ಕೂಡಿಸಿ ಪ್ರಕಟಿಸಿದರು. ಮರಳಿದವು ಇಷ್ಟು, ತೂರಿದವು ಇಷ್ಟು. ಕಳುಹಿಸಿದವುಗಳಿಂದ ಇವೆರಡನ್ನೂ ಕಳೆದರೆ ಒಳಗೆ ಎಡವಿ ನಿಂತವು ಇಷ್ಟು. ಫಲವೇನಾಯಿತು? ಮಂದಗತಿಯ ಎಲೆಕ್ಟ್ರಾನು ಪದಾರ್ಥದೊಳಗೆ ತಡೆಯಿಲ್ಲದೆ ಎಷ್ಟು ದೂರ ಸಾಗುತ್ತದೆಂಬುದಕ್ಕೆ ಎಲ್ಲ ವಸ್ತುಗಳಿಗೂ ಸಾಧಾರಣವಾದ ಒಂದೇ ರೇಖೆಯುಂಟೆಂದು ಶಾಸ್ತ್ರದಲ್ಲಿ ಬಹುಕಾಲದಿಂದ ಅಂಗೀಕಾರವಾಗಿತ್ತು. ಅದರಂತೆ ಶಕ್ತಿಯು ತೀರ ಕಡಿಮೆಯಾದರೆ ಸಾಗುವ ದೂರವು ಹೆಚ್ಚಬೇಕು. ಗ್ರಾಫೀನಿನಲ್ಲಿಯಾದರೋ ಅತ್ಯಂತ ಕಡಿಮೆ ಶಕ್ತಿಯಲ್ಲಿಯೂ ಆ ದೂರವು ಕೆಲವೇ ಹಾಳೆಗಳಷ್ಟೆಂದು ಕಂಡುಬಂದಿತು. ಹಾಳೆಗಳ ಸಂಖ್ಯೆಗನುಗುಣವಾಗಿ ಅದು ಏರಿಳಿಯುವುದೂ ಕಂಡಿತು. ಸರ್ವಸಾಧಾರಣವೆಂದುಕೊಂಡಿದ್ದ ರೇಖೆಯು ಇಲ್ಲಿ ಸಲ್ಲದೆ ಹೋಯಿತು. ಒಂದು ಬಾಗಿಲನ್ನು ಮಾತ್ರ ಕಾದಿದ್ದರೆ ಈ ಸತ್ಯವು ತಿಳಿಯುತ್ತಿರಲಿಲ್ಲ.

ಮರಳಿ ಬಾರದಿರುವುದು ಸಾಕ್ಷ್ಯವಾಗಬಲ್ಲುದು, ಆದರೆ ಎಲ್ಲ ಬಾಗಿಲುಗಳನ್ನೂ ಕಾದವನಿಗೆ ಮಾತ್ರ: ಇಂದಿನ ನನ್ನ ಉಪನ್ಯಾಸದ ಸಾರವು ಇಷ್ಟೇ.

ಈ ಸಾಕ್ಷಿಗೆ ಒಂದು ಮಿತಿಯೂ ಇದೆ. ಅದನ್ನು ಮರೆಮಾಚುವುದು ಧರ್ಮವಲ್ಲ. ಪದಾರ್ಥದೊಳಗಿನ ಎಲೆಕ್ಟ್ರಾನನ್ನು ಹೊರಕ್ಕೆ ತರಬೇಕಾದರೆ ಗ್ರಾಫೀನಿನಲ್ಲಿ ಸುಮಾರು ನಾಲ್ಕೂವರೆ ಎಲೆಕ್ಟ್ರಾನ್-ವೋಲ್ಟು ಶಕ್ತಿ ಬೇಕು. ಎಂದಮೇಲೆ ಹೊರಗಿನಿಂದ ಬರುವ ಎಲೆಕ್ಟ್ರಾನು, ವೇಗವು ಸೊನ್ನೆಯಾಗಿದ್ದರೂ, ಆಗಲೇ ಅಷ್ಟು ಎತ್ತರದಲ್ಲಿದೆ. ಅದು ಮಾಳಿಗೆಗೆ ಬಂದಿಳಿದ ಅತಿಥಿ. ಮೇಲಣ ಮಹಡಿಗಳ ತೆರವನ್ನು ಮಾತ್ರ ಹೇಳಬಲ್ಲುದು. ಎರಡು ಪಂಕ್ತಿಗಳು ತುದಿ ತಾಗುವ ಆ ವಿಶೇಷ ಬಿಂದುಗಳು ನೆಲದಂತಸ್ತಿನಲ್ಲಿವೆ. ಅವುಗಳ ವಿಚಾರಕ್ಕೆ ಬೇರೆ ಸಾಕ್ಷಿಗಳನ್ನು ಕರೆಯಬೇಕು.

ಆ ಬೇರೆ ಸಾಕ್ಷಿಗಳನ್ನು ವಿಚಾರಿಸಿದವರಲ್ಲಿ ನಮ್ಮ ನಾಡಿನವರೂ ಇದ್ದಾರೆಂಬುದು ಸಂತೋಷದ ಸಂಗತಿ. ಮೈಸೂರು ಸಂಸ್ಥಾನವು ಭೂಮಿಯನ್ನಿತ್ತು, ಟಾಟಾ ಅವರ ಔದಾರ್ಯದಿಂದ ೧೯೦೯ರಲ್ಲಿ ಬೆಂಗಳೂರಿನಲ್ಲಿ ನೆಲೆಗೊಂಡ ಭಾರತೀಯ ವಿಜ್ಞಾನ ಮಂದಿರದ ಎ. ಕೆ. ಸೂದ್ ಅವರೂ ಸಂಗಡಿಗರೂ ೨೦೦೮ರಲ್ಲಿ ಗ್ರಾಫೀನಿಗೆ ಎಲೆಕ್ಟ್ರಾನುಗಳನ್ನು ತುಂಬುತ್ತಲೂ ತೆಗೆಯುತ್ತಲೂ, ಬೆಳಕು ಅದರಿಂದ ಚೆದರುವಾಗ ಬಣ್ಣದಲ್ಲಾಗುವ ವ್ಯತ್ಯಾಸವನ್ನು ಅಳೆದು, ಎಷ್ಟು ಎಲೆಕ್ಟ್ರಾನುಗಳು ಸೇರಿವೆಯೆಂದು ಹೇಳುವ ಬಗೆಯನ್ನು ತೋರಿಸಿದರು. ೧೯೨೮ರಲ್ಲಿ ಸರ್ ಸಿ. ವಿ. ರಾಮನ್ ಅವರು ಕಂಡುಹಿಡಿದ ಪರಿಣಾಮವೇ ಅಲ್ಲಿಯ ಸಾಧನ. ೧೯೮೯ರಲ್ಲಿ ಸ್ಥಾಪಿತವಾದ ಜವಾಹರಲಾಲ್ ನೆಹರೂ ಉನ್ನತ ವೈ‌ಜ್ಞಾನಿಕ ಸಂಶೋಧನ ಕೇಂದ್ರದಲ್ಲಿ ಬೆಂಗಳೂರಿನ ಸಿ. ಎನ್. ಆರ್. ರಾವ್ ಅವರು ಗ್ರಾಫೀನನ್ನು ರಾಸಾಯನಿಕ ಮಾರ್ಗಗಳಿಂದ ತಯಾರಿಸುವ ವಿಷಯದಲ್ಲಿ ಬಹಳ ಕೆಲಸ ಮಾಡಿದ್ದಾರೆ. ೨೦೨೫ರಲ್ಲಿ ವಿಜ್ಞಾನ ಮಂದಿರದ ಅರಿಂದಮ್ ಘೋಷ್ ಅವರ ತಂಡವು ಜಪಾನಿನವರ ಸಹಕಾರದಿಂದ, ಅತ್ಯಂತ ಶುದ್ಧವಾದ ಗ್ರಾಫೀನಿನಲ್ಲಿ ಆ ತುದಿ ತಾಗುವ ಬಿಂದುವಿನ ಸಮೀಪವನ್ನು ಪರೀಕ್ಷಿಸಿತು. ಲೋಹಗಳಲ್ಲಿ ವಿದ್ಯುತ್ತನ್ನು ಚೆನ್ನಾಗಿ ಒಯ್ಯುವುದು ಶಾಖವನ್ನೂ ಅದೇ ಪ್ರಮಾಣದಲ್ಲಿ ಒಯ್ಯಬೇಕೆಂಬುದು ೧೮೫೩ರಿಂದ ನಡೆದುಬಂದ ವೀಡೆಮಾನ್ ಮತ್ತು ಫ್ರಾಂಟ್ಸ್ ಅವರ ನಿಯಮ. ಆ ಬಿಂದುವಿನಲ್ಲಿ ನಿಯಮವು ೨೦೦ ಪಟ್ಟಿಗೂ ಮಿಗಿಲಾಗಿ ತಪ್ಪಿತು; ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿ ಓಡುವುದನ್ನು ಬಿಟ್ಟು ಒಂದು ದ್ರವದಂತೆ ಒಟ್ಟಾಗಿ ಹರಿಯತೊಡಗಿದುವು. ಆ ಗ್ರಾಫೀನು ಹಾಗೆ ಶುದ್ಧವಾಗಿ ಉಳಿಯಲು ಬೋರಾನ್ ನೈಟ್ರೈಡಿನ ಹಲಗೆಗಳ ನಡುವೆ ಇದ್ದುದು ಕಾರಣ. ಆ ಹಲಗೆಯು ಗರಿಯೊಡನೆ ಬೆರೆಯದೆಂಬುದಕ್ಕೆ ಮೇಲಣ ಮಹಡಿಗಳಲ್ಲಿ ಸಾಕ್ಷಿ ನುಡಿದುದು ಮಂದಗತಿಯ ಎಲೆಕ್ಟ್ರಾನೇ ಎಂಬುದನ್ನು ಇಲ್ಲಿ ನೆನೆಯಬೇಕು. ಒಬ್ಬ ಸಾಕ್ಷಿಯು ಕಾಣದುದನ್ನು ಇನ್ನೊಬ್ಬನು ತುಂಬಿಕೊಡುತ್ತಾನೆ. ಶಾಸ್ತ್ರವು ಬೆಳೆಯುವುದು ಹೀಗೆ.

ಕಡೆಯದಾಗಿ ಎರಡು ಸಂಶಯಗಳಿಗೆ ಸಮಾಧಾನವನ್ನು ಹೇಳಬೇಕು. ಇದರಿಂದ ಹೊಲದ ರೈತನಿಗೆ ಪ್ರಯೋಜನವೇನೆಂಬುದು ಮೊದಲನೆಯದು. ಸರಗೂರಿನ ಕಲ್ಲಿನಲ್ಲಿ ಗ್ರಾಫೈಟು ಕೋಟ್ಯಂತರ ವರ್ಷಗಳಿಂದ ಕುಳಿತಿದೆ. ಅಗೆದು ತೂಕಕ್ಕೆ ಮಾರಿದರೆ ಅದಕ್ಕೆ ಮಣ್ಣಿನ ಬೆಲೆ. ಅದರ ಒಂದು ಹಾಳೆಯ ಒಳಗುಟ್ಟನ್ನು ಅರಿತವನ ಕೈಯಲ್ಲಿ ಅದು ವಿದ್ಯೆಯಾಗುತ್ತದೆ. ವಸ್ತುವು ನಮ್ಮ ನೆಲದ್ದು, ಅರಿವು ಮಾತ್ರ ಸದಾ ಪರರದೇ ಆಗಿರಬೇಕೆಂಬ ವಿಧಿಯೇನೂ ಇಲ್ಲ. ಈ ನಾಲ್ಕು ತಾಲ್ಲೂಕುಗಳ ಮಕ್ಕಳಲ್ಲಿ ಒಬ್ಬಿಬ್ಬರಾದರೂ ಬೆಂಗಳೂರಿನ ಆ ಪ್ರಯೋಗಶಾಲೆಗಳ ಬಾಗಿಲನ್ನು ದಾಟಲೆಂಬುದು ನನ್ನ ಹಾರೈಕೆ.

ಎರಡನೆಯದು ನಮ್ಮವರಲ್ಲಿಯೇ ಹುಟ್ಟುವ ಸಂಶಯ, ಸಂಶಯವೆನ್ನುವುದಕ್ಕಿಂತ ಅಭಿಮಾನವೆನ್ನಬೇಕು. ಇದೆಲ್ಲವೂ ನಮ್ಮ ಪೂರ್ವಿಕರಿಗೆ ತಿಳಿದೇ ಇತ್ತು, ಗ್ರಂಥಗಳಲ್ಲಿ ಅಡಗಿದೆಯೆಂದು ಸಭೆಗಳಲ್ಲಿ ಹೇಳುವುದುಂಟು. ಹಾಗೆ ಹೇಳುವುದು ಪೂರ್ವಿಕರಿಗೆ ಮಾಡುವ ಗೌರವವಲ್ಲವೆಂದು ವಿನಯದಿಂದ ಅರಿಕೆ ಮಾಡುತ್ತೇನೆ. ಅನುಪಲಬ್ಧಿಯನ್ನು ಚರ್ಚಿಸಿದ ಆಚಾರ್ಯರು ಗ್ರಾಫೀನನ್ನು ಅರಿತಿರಲಿಲ್ಲ. ಅವರು ನಮಗಿತ್ತುದು ವಸ್ತುವಿನ ಪಟ್ಟಿಯನ್ನಲ್ಲ, ವಿಚಾರದ ಶಿಸ್ತನ್ನು: ಪ್ರಮಾಣವಿಲ್ಲದೆ ಒಪ್ಪಬೇಡ, ಯೋಗ್ಯತೆಯನ್ನು ನೋಡದೆ ಇಲ್ಲವೆನ್ನಬೇಡ. ತಮಗೆ ತಿಳಿಯದುದನ್ನು ತಮ್ಮ ತಲೆಗೆ ಕಟ್ಟಿದರೆ ಆ ಆಚಾರ್ಯರೇ ಮೊದಲು ಆಕ್ಷೇಪಿಸುತ್ತಿದ್ದರು. ಇದೇ ಗುರುಪುರದಲ್ಲಿ ನೆಲೆಸಿರುವ ಟಿಬೇಟಿ ಭಿಕ್ಷುಗಳ ಸಂಪ್ರದಾಯದಲ್ಲಿಯೂ, ಒಬ್ಬನು ನಿಂತು ಕೈತಟ್ಟಿ ಪ್ರಶ್ನಿಸುತ್ತಾನೆ, ಕುಳಿತವನು ಪ್ರಮಾಣವನ್ನು ಕೊಡಲೇಬೇಕು. ಪ್ರಶ್ನೆಗೆ ಅಂಜದ ವಿದ್ಯೆಯೇ ವಿದ್ಯೆ ಎಂಬುದರಲ್ಲಿ ಮತಭೇದವಿಲ್ಲ.

ಪಾಠಶಾಲೆಯ ವಿದ್ಯಾರ್ಥಿಗಳೇ, ನೀವು ಅಭಾವಪ್ರಕರಣವನ್ನು ಓದುವಾಗ ಗಡಿಗೆ ನೆಲಗಳ ಉದಾಹರಣೆಯ ಮಗ್ಗುಲಿಗೆ ಈ ಇಂಗಾಲದ ಹಾಳೆಯನ್ನೂ ಇಟ್ಟುಕೊಳ್ಳಿರಿ. ಶಾಲಾ ಕಾಲೇಜುಗಳಲ್ಲಿ ಭೌತಶಾಸ್ತ್ರವನ್ನು ಓದುವ ತರುಣರೇ, ನೀವು ಎಲೆಕ್ಟ್ರಾನನ್ನು ಎಣಿಸುವಾಗ ಯೋಗ್ಯತೆಯ ನಿಬಂಧನೆಯನ್ನು ನೆನೆಯಿರಿ. ಮುಂಬಾಗಿಲಿನ ಲೆಕ್ಕ ಸರಿಯಾಯಿತೆಂದು ಹಿತ್ತಿಲನ್ನು ಮರೆಯಬೇಡಿರಿ.